ತಾನಾಗಿ ಓಡುವ ಮೋಟಾರು

ನೆಂಟರ ಮನೆಗೆ ಹೋದಾಗ ಚಪ್ಪಲಿ ಬಿಡುವಷ್ಟರಲ್ಲೇ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ಎದುರಿಗೆ ಬರುವುದು ನಮ್ಮ ಸೀಮೆಯ ಹಳೆಯ ಶಿಷ್ಟಾಚಾರ. ನನ್ನ ಮಟ್ಟಿಗೆ ಅದು ನಿಂತುಹೋಗಿ ಎಷ್ಟೋ ಕಾಲವಾಯಿತು. ನನ್ನೆದುರಿಗೆ ಈಗ ಬರುವುದು ಮೊಬೈಲು. "ಬನ್ನಿ ಮೇಷ್ಟ್ರೇ" ಎಂಬ ಸ್ವಾಗತವಚನದ ಬೆನ್ನಿಗೇ "ಇದ್ಯಾಕೋ ಹೇಳಿದ್ ಮಾತೇ ಕೇಳ್ತಿಲ್ಲ ನೋಡ್ರೀ" ಎಂಬ ದೂರು, ಆಮೇಲೆ ಅಂಟಂಟಾದ ಒಂದು ಫೋನು, ಅದರ ಹಿಂದೆ ಎಲ್ಲೋ ಒಳಮನೆಯಲ್ಲಿ ಮರೆತುಹೋದ ನನ್ನ ಪಾಲಿನ ನೀರು. ಒಮ್ಮೆ ತರೀಕೆರೆಯ ಒಂದು ಸಾವಿನ ಮನೆಯಲ್ಲಿ, ಹೋದವರ ತಲೆದೆಸೆಯ ದೀಪ ಇನ್ನೂ ಉರಿಯುತ್ತಿರುವಾಗಲೇ, ಅವರ ತಮ್ಮ ನನ್ನನ್ನು ಮೆಲ್ಲಗೆ ಜಗಲಿಗೆ ಕರೆದು, ಕಣ್ಣೊರೆಸಿಕೊಳ್ಳುತ್ತ, "ಹೆಂಗೂ ಬಂದಿದೀರಿ, ಇದ್ರಲ್ಲಿ ಸ್ಟೋರೇಜ್ ಫುಲ್ ಅಂತ ಬತ್ತೈತೆ" ಎಂದ. ದುಃಖದಲ್ಲಿ ಭಾಗಿಯಾಗಲು ಹೋದ ನಾನು ಜಗಲಿಯ ಮೇಲೆ ಕುಳಿತು ಶುಭೋದಯ ಹೇಳುವ ಗುಲಾಬಿ ಹೂಗಳನ್ನು ಒಂದೊಂದಾಗಿ ಅಳಿಸುತ್ತಿದ್ದೆ.

ಯಾರನ್ನು ದೂರಲಿ? ಇದು ನಾನಾಗಿ ತಲೆಯ ಮೇಲೆ ಎಳೆದುಕೊಂಡ ಪದವಿ. ಕಡೂರಿನ ಕಾಲೇಜಿನಲ್ಲಿ ನಾನು ಪಾಠ ಹೇಳುವುದು ಹಳಗನ್ನಡ. ಮನೆಗೆ ಬಂದು ಪಾಠ ಹೇಳಿಸಿಕೊಳ್ಳುವುದು ಹೊಸ ಆ್ಯಪುಗಳಿಂದ. ಮಾರುಕಟ್ಟೆಗೆ ಒಂದು ಯಂತ್ರ ಬಂದಿತೆಂದು ತಿಳಿದರೆ ಅದು ನನಗೆ ಬೇಕೋ ಬೇಡವೋ ಎಂಬ ಜಿಜ್ಞಾಸೆಗೆ ಮನಸ್ಸು ಇಳಿಯುವುದೇ ಇಲ್ಲ, ಡಬ್ಬಿ ಯಾವಾಗ ಬರುತ್ತದೆ ಎಂಬ ನಿರೀಕ್ಷೆಗೇ ನೇರವಾಗಿ ಜಿಗಿಯುತ್ತದೆ. ವಿದ್ಯಾರ್ಥಿಗಳು ನನ್ನ ಬಳಿ ಷಟ್ಪದಿಯ ಲಕ್ಷಣ ಕೇಳಿದ ನೆನಪಿಲ್ಲ. ಸ್ಕ್ರೀನ್ ಗಾರ್ಡ್ ಅಂಟಿಸುವಾಗ ಒಳಗೆ ಗುಳ್ಳೆ ಬಾರದಂತೆ ಏನು ಮಾಡಬೇಕೆಂದು ಕೇಳಿದವರು ಬೇಕಾದಷ್ಟು ಮಂದಿ. ಗುರುವಿನ ಸ್ಥಾನ ಹೇಗಾದರೂ ಉಳಿಯಿತಲ್ಲ ಎಂದು ನಾನೂ ಸುಮ್ಮನಿದ್ದೇನೆ.

ಆದರೆ ಈಚೆಗೆ ನನಗೇ ರೋಸಿಹೋಗಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆ, ಭಕ್ತನೊಬ್ಬ ದೇವರ ಮೇಲೆ ಮುನಿಸಿಕೊಂಡಂತೆ. ನಮ್ಮ ಮನೆಯ ಹೊಸ ಫ್ಯಾನನ್ನೇ ನೋಡಿ. ವಿದ್ಯುತ್ ಉಳಿಸುತ್ತದೆ, ಸದ್ದೇ ಮಾಡುವುದಿಲ್ಲ, ರಿಮೋಟಿನಲ್ಲಿ ನಡೆಯುತ್ತದೆ ಎಂದು ನಾನೇ ಹೊಗಳಿ ತಂದದ್ದು. ಗೋಡೆಯ ಮೇಲಿದ್ದ ಹಳೆಯ ರೆಗ್ಯುಲೇಟರು ಹುಟ್ಟಿದಾಗಿನಿಂದ ಒಂದೇ ಜಾಗದಲ್ಲಿ ಕುಳಿತು, ಯಾರು ಬಂದು ತಿರುವಿದರೂ ಕಟಕಟ ಎಂದು ವಿಧೇಯವಾಗಿ ತಿರುಗುತ್ತಿತ್ತು; ಅದು ಎಂದೂ ಕಳೆದುಹೋದದ್ದಿಲ್ಲ, ಹಾಸಿಗೆಯ ಕೆಳಗೆ ಸೇರಿಕೊಂಡದ್ದಿಲ್ಲ, ಒಗೆಯುವ ಬಟ್ಟೆಯ ಜೊತೆ ನೀರಿಗೆ ಬಿದ್ದದ್ದಿಲ್ಲ. ಈ ರಿಮೋಟು ಮೂರನ್ನೂ ಮಾಡಿತು. ಮಾಗಿಯ ಚಳಿಯಲ್ಲಿ ಫ್ಯಾನು ತನ್ನ ಪರಮವೇಗದಲ್ಲಿ ನಿಶ್ಶಬ್ದವಾಗಿ ತಿರುಗುತ್ತಿರಲು, ನಾನು ಮಂಚದಡಿ ತಲೆ ತೂರಿಸಿ ರಿಮೋಟು ಹುಡುಕುತ್ತಿರಲು, ನನ್ನ ಹೆಂಡತಿ ಗಿರಿಜೆ ಕಂಬಳಿ ಹೊದ್ದು ಕುಳಿತು, "ಸದ್ದೇ ಮಾಡಲ್ಲ ಅಂದಿದ್ರಲ್ಲ, ನಿಜ ಕಣ್ರೀ" ಎಂದು ಒಪ್ಪಿಕೊಂಡಳು. ಆ ಒಪ್ಪಿಗೆಯ ಮುಂದೆ ಚಳಿಯೇ ಮೇಲೆನಿಸಿತು.

ತರೀಕೆರೆಯಲ್ಲಿ ನನ್ನ ಷಡ್ಡಕರಿದ್ದಾರೆ, ಅಂದರೆ ಗಿರಿಜೆಯ ಅಕ್ಕನ ಗಂಡ. ಶಿವಭಕ್ತರು, ಮಠಕ್ಕೆ ನಡೆದುಕೊಳ್ಳುವವರು, ಯಾವುದನ್ನೇ ಆದರೂ ಮನೆದೇವರ ಹೆಸರಿನಿಂದಲೇ ಆರಂಭಿಸುವವರು. ಅವರಿಗೆ ಇಮೇಲ್ ಖಾತೆ ತೆರೆದುಕೊಡುವಾಗ ಪಾಸ್‌ವರ್ಡ್ ಏನಿಡೋಣ ಎಂದು ಕೇಳಿದೆ. ಹಿಂದೆಮುಂದೆ ನೋಡದೆ, "ವೀರಭದ್ರ" ಎಂದರು. ಹಾಕಿದೆ. ಕೆಳಗೆ ಕೆಂಪಕ್ಷರದಲ್ಲಿ ಬಂತು, ಇದು ವೀಕ್ ಎಂದು. ಅವರು ಕನ್ನಡಕ ಸರಿಪಡಿಸಿಕೊಂಡು ಓದಿದರು. ಮುಖ ಕೆಂಪಾಯಿತು. "ಯಾರು ವೀಕ್? ವೀರಭದ್ರ ವೀಕಾ? ಏನ್ರೀ ಹಿಂಗಂದ್ರೆ?" ನಾನು ಸಮಾಧಾನ ಹೇಳಿದೆ: ಇದಕ್ಕೆ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಸೇರಿಸಿದರೆ ಬಲ ಬರುತ್ತದೆ. "ದಕ್ಷನ ತಲೆ ತೆಗೆದೋನಿಗೆ ಅಂಕಿಯಿಂದ ಬಲ ಬರ್ಬೇಕೇನ್ರೀ?" ಎಂದವರೇ ಎದ್ದು ಪೂಜೆಗೆ ಹೋದರು. ಖಾತೆ ಇಂದಿಗೂ ತೆರೆದಿಲ್ಲ. ಅವರ ಪಕ್ಷವೇ ಸರಿ ಎಂದು ನನಗೂ ಒಮ್ಮೊಮ್ಮೆ ಅನಿಸುತ್ತದೆ.

ಈ ಯಂತ್ರಗಳ ಮೇಲೆ ನನ್ನ ನಿಜವಾದ ಕೋಪ ಅವು ಕೆಡುತ್ತವೆಂದಲ್ಲ. ಕೆಟ್ಟರೆ ರಿಪೇರಿ ಮಾಡಿಸಬಹುದು, ಇಲ್ಲವೇ ಅಟ್ಟಕ್ಕೆ ಹಾಕಬಹುದು. ಅವು ಹೇಳಿದ್ದನ್ನು ಹೇಳಿದಂತೆಯೇ ಮಾಡಿ, ಮನುಷ್ಯರ ನಡುವೆ ತಂದಿಟ್ಟು, ತಮಗೇನೂ ಗೊತ್ತಿಲ್ಲದವರಂತೆ ಹಸಿರು ದೀಪ ಮಿನುಗಿಸುತ್ತ ಕುಳಿತಿರುತ್ತವಲ್ಲ, ಅದು ನನಗೆ ಸಹಿಸಲಾಗುವುದಿಲ್ಲ. ನಮ್ಮ ಪಂಚನಹಳ್ಳಿಯ ತೋಟದ ಮೋಟಾರು ಹೀಗೇ ಮಾಡಿತು. ಅದರ ಕಥೆಯನ್ನು ನಿಮಗೆ ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ.

ನಾವು ಮೂವರು ಒಡಹುಟ್ಟಿದವರು. ದೊಡ್ಡವಳು ಅಕ್ಕ, ಅಜ್ಜಂಪುರಕ್ಕೆ ಮದುವೆಯಾಗಿ ಹೋದವಳು. ನಡುವಿನವನು ರುದ್ರಣ್ಣ, ಪಂಚನಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿರುವವನು. ಕೊನೆಯವನು ನಾನು, ತಲೆ ನರೆತರೂ ಇಬ್ಬರ ಬಾಯಲ್ಲೂ ಇನ್ನೂ ಪುಟ್ಟ. ಅಣ್ಣನಿಗೆ ಬೋರ್‌ವೆಲ್ಲಿನ ಮೋಟಾರು ಹಾಕಲು ಹೊತ್ತಲ್ಲದ ಹೊತ್ತಿನಲ್ಲಿ ತೋಟಕ್ಕೆ ನಡೆಯುವುದೊಂದು ಶಿಕ್ಷೆಯಾಗಿತ್ತು. ತ್ರೀ ಫೇಸ್ ಕರೆಂಟು ನಮ್ಮ ಕಡೆ ಹೊಸ ಅಳಿಯನ ಹಾಗೆ, ಬಂದಾಗಲೇ ಉಪಚಾರ ಮಾಡಬೇಕು. ಆಗ ಅವನಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಳ್ಳೆಂದು ತಲೆಗೆ ತುಂಬಿದವನು ನಾನೇ. ಪಂಪ್ ಮನೆಯ ಗೋಡೆಗೆ ಒಂದು ಪೆಟ್ಟಿಗೆ, ಅದರೊಳಗೆ ಒಂದು ಸಿಮ್ಮು; ಮನೆಯಿಂದಲೇ ಆ ನಂಬರಿಗೆ ಫೋನು ಮಾಡಿದರೆ ಮೋಟಾರು ಆನ್, ಮತ್ತೊಮ್ಮೆ ಮಾಡಿದರೆ ಆಫ್. ಜೊತೆಗೆ ಒಬ್ಬ ಹೆಣ್ಣುಮಗಳು ಅಚ್ಚುಕಟ್ಟಾದ ಕನ್ನಡದಲ್ಲಿ "ಮೋಟಾರ್ ಚಾಲನೆಯಲ್ಲಿದೆ, ಧನ್ಯವಾದಗಳು" ಎಂದೋ "ಮೋಟಾರ್ ಸ್ಥಗಿತಗೊಂಡಿದೆ, ಧನ್ಯವಾದಗಳು" ಎಂದೋ ವಿನಯದಿಂದ ಅರುಹುತ್ತಾಳೆ. ನಮ್ಮ ಸೀಮೆಯಲ್ಲಿ ಮೋಟಾರು ಹಾಕಿದ್ದಕ್ಕೆ ಧನ್ಯವಾದ ಹೇಳಿದವರನ್ನು ನಾನು ಮೊದಲು ಕಂಡದ್ದು ಅದರಲ್ಲೇ.

ಮೆಕ್ಯಾನಿಕ್ಕನ್ನು ಕಡೂರಿನಿಂದ ನಾನೇ ಕಳಿಸಿದ್ದೆ. "ಸಿಮ್ ಒಂದು ಬೇಕಾಗುತ್ತಣ್ಣ" ಎಂದು ಫೋನಿನಲ್ಲಿ ಹೇಳಿದರೆ, "ಸಿಮ್ ಐತೆ ಬಿಡಪ್ಪ" ಎಂದ. ಸರಿ ಎಂದು ನಾನೂ ಬಿಟ್ಟೆ. ಯಾರ್ಯಾರ ನಂಬರಿನಿಂದ ಮೋಟಾರು ಹಾಕಬಹುದೆಂದು ಮೆಕ್ಯಾನಿಕ್ಕು ಕೇಳಿದ್ದಕ್ಕೆ, ಅತ್ತಿಗೆ ಹಾಕಬೇಕು, ಕಾಯಿ ಕೀಳುವವನು ಹಾಕಬೇಕು, ಪಕ್ಕದ ತೋಟದವನೂ ಹೊತ್ತಿಗಾದರೆ ಹಾಕಬೇಕು, "ಎಲ್ರಿಗೂ ಬಿಟ್ಬಿಡು ಅತ್ಲಾಗೆ" ಎಂದನಂತೆ ಅಣ್ಣ. ಅಂದರೆ ಲೋಕದ ಯಾವ ಮೂಲೆಯಿಂದ ಯಾರೇ ಆ ನಂಬರಿಗೆ ಫೋನು ಮಾಡಿದರೂ ನಮ್ಮ ತೋಟಕ್ಕೆ ನೀರು. ಇಷ್ಟು ಉದಾರವಾದ ಧರ್ಮಛತ್ರ ನಮ್ಮ ವಂಶದಲ್ಲಿ ಹಿಂದೆ ಯಾರೂ ಕಟ್ಟಿಸಿರಲಿಲ್ಲ.

ಸ್ವಲ್ಪ ದಿನ ಎಲ್ಲ ಚೆನ್ನಾಗಿತ್ತು. ಅಣ್ಣ ಊರಿನ ಅರಳೀಕಟ್ಟೆಯ ಮೇಲೆ ಕುಳಿತು ಮೋಟಾರು ಹಾಕಿ ತೋರಿಸಿ, ನಿಲ್ಲಿಸಿ ತೋರಿಸಿ, ನನ್ನ ಬಗ್ಗೆ ಒಂದೆರಡು ಒಳ್ಳೆಯ ಮಾತನ್ನೂ ಆಡಿದನಂತೆ. ಆಮೇಲೆ ಶುರುವಾಯಿತು. "ಲೇ ಪುಟ್ಟ, ಮೋಟಾರು ತಾನೇ ಆನ್ ಆಯ್ತದೆ ಕಣೋ. ಸಂಜೆ ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಹತ್ಕೊಂತದೆ. ಒಂದು ಗಳಿಗೆ ಬಿಟ್ಟು ತಾನೇ ನಿಂತ್ಕೊಂತದೆ. ಏನ್ಲಾ ಇದು?" ನಾನು ನನ್ನ ಪಾಂಡಿತ್ಯವನ್ನೆಲ್ಲ ಬಿಚ್ಚಿದೆ: ವೋಲ್ಟೇಜಿನ ಏರಿಳಿತ, ರಿಲೇ ಅಂಟಿಕೊಂಡಿರುವುದು, ಸಾಫ್ಟ್‌ವೇರಿನ ದೋಷ. ಶನಿವಾರ ಬಸ್ಸು ಹತ್ತಿ ಪಂಚನಹಳ್ಳಿಗೆ ಹೋಗಿ, ಪಂಪ್ ಮನೆಯ ಹಲ್ಲಿಗಳ ಸಮ್ಮುಖದಲ್ಲಿ ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಸಿಮ್ಮಿನ ಮುಖವನ್ನೂ ನೋಡದೆ ಮತ್ತೆ ಮುಚ್ಚಿ, "ರೀಸೆಟ್ ಮಾಡಿದೀನಿ" ಎಂದು ಘೋಷಿಸಿ ಬಂದೆ. ತಂತ್ರಜ್ಞಾನಿಯ ಶಬ್ದಕೋಶದಲ್ಲಿ ಇದಕ್ಕಿಂತ ಘನವಾದ, ಇದಕ್ಕಿಂತ ಪೊಳ್ಳಾದ ಪದ ಇನ್ನೊಂದಿಲ್ಲ.

ಮೋಟಾರು ಕೇಳಲಿಲ್ಲ. ಕ್ರಮೇಣ ತಾನೇ ಹತ್ತಿಕೊಳ್ಳುವುದು ಉಳಿದು, ತಾನೇ ನಿಲ್ಲುವುದು ತಪ್ಪಿತು. ಅಣ್ಣ ಮಠಕ್ಕೋ ಸಂತೆಗೋ ಹೋಗಿದ್ದ ಸಂಜೆಗಳಲ್ಲಿ ನೀರು ಪಾತಿ ತುಂಬಿ, ಬದು ಹಾರಿ, ಗಾಡಿಜಾಡಿಗೆ ನುಗ್ಗಿತು. ಆ ಕೆಸರಿನಲ್ಲಿ ಪಕ್ಕದ ತೋಟದವನು ಬೈಕು ಸಮೇತ ಜಾರಿಬಿದ್ದು, ಎದ್ದು ಬಂದು ಮನೆಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದ. ಅಣ್ಣ ಲೈನ್‌ಮನ್ನನ ಮೇಲೆ ಅನುಮಾನಪಟ್ಟ, ಕಾಯಿ ಕೀಳುವವನ ಮೇಲೆ ಅನುಮಾನಪಟ್ಟ, ಕೊನೆಗೆ ಹಳೆಯ ಬಾವಿಯಲ್ಲಿ ಬಿದ್ದು ಸತ್ತಿದ್ದ ಯಾರದೋ ಮೇಲೂ ಅನುಮಾನಪಟ್ಟು ಅತ್ತಿಗೆಯ ಕೈಲಿ ಪಂಪ್ ಮನೆಗೆ ಊದುಬತ್ತಿ ಹಚ್ಚಿಸಿದ. ಹಚ್ಚಿದ ಸಂಜೆಯೂ ಅದು ಓಡಿತು.

ಈ ಗಲಾಟೆಯ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಅದಕ್ಕೂ ಇದಕ್ಕೂ ನಂಟಿದೆಯೆಂದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಅಪ್ಪನ ವರ್ಷದ ಪುಣ್ಯಸ್ಮರಣೆಗೆ ಅಕ್ಕ ಬರಲಿಲ್ಲ. ನೀವು ನಮ್ಮ ಅಕ್ಕನನ್ನು ಕಂಡಿಲ್ಲ. ಆ ತೋಟದ ಮೊದಲ ಸಾಲಿನ ತೆಂಗಿನ ಸಸಿಗಳನ್ನು ಅಪ್ಪ ನೆಟ್ಟಾಗ, ಬೋರೂ ಇಲ್ಲದ ಮೋಟಾರೂ ಇಲ್ಲದ ಕಾಲದಲ್ಲಿ, ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ಬದುಕಿಸಿದವಳು ಅವಳು. ಮದುವೆಯಾಗಿ ಹೋದ ಮೇಲೂ ಮಳೆ ಬಂತಾ, ಗಿಡ ಹೇಗಿವೆ ಎಂದು ಕೇಳುವುದನ್ನು ಬಿಟ್ಟವಳಲ್ಲ. ಸಂಜೆ ದೇವರ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ತನ್ನ ಬಟನ್ ಫೋನಿನಿಂದ ತವರಿಗೆ ಒಂದು ಫೋನು ಮಾಡಿದ ಮೇಲೇ ಅವಳಿಗೆ ರೊಟ್ಟಿ ತಟ್ಟಲು ಕೈ ಬರುತ್ತಿದ್ದುದು. ಅಂಥವಳು ಅಪ್ಪನ ದಿನಕ್ಕೆ ಬರಲಿಲ್ಲ. ಏಕೆಂದು ಹೇಳಿಕಳಿಸಲೂ ಇಲ್ಲ. ನಾನು ಫೋನು ಮಾಡಿದರೆ "ಮಂಡಿ ನೋವು" ಎಂದು ಇಟ್ಟುಬಿಟ್ಟಳು. ಅಣ್ಣನಿಗೂ ಉರಿದುಹೋಯಿತು. "ಫೋನ್ ಮಾಡೋದ್ನೇ ಬಿಟ್ಟವ್ಳೆ. ಅವ್ಳಿಗೇ ತವರು ಬೇಡ್ವಾದ್ರೆ ನಂಗೇನು? ನಾನಂತೂ ಆ ಮನೆ ಹೊಸ್ತಿಲು ತುಳಿಯಲ್ಲ" ಎಂದುಬಿಟ್ಟ. ಅಣ್ಣ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ. ಅಕ್ಕ ಅವನಿಗಿಂತ ಒಂದು ಕೈ ಮೇಲು. ಇವರಿಬ್ಬರ ನಡುವೆ ಹೀಗೆ ಒಂದು ಸಲ ಬಾಗಿಲು ಮುಚ್ಚಿದರೆ ಅದು ನಮ್ಮ ಕಾಲಕ್ಕೆ ತೆರೆಯುವುದಿಲ್ಲವೆಂದು ನನಗೆ ದಿಗಿಲಾಯಿತು.

ನಾನು ಒಂದು ಭಾನುವಾರ ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೋದೆ. ಅಕ್ಕ ಕಾಫಿ ಕೊಟ್ಟಳು, ಮಂಡಕ್ಕಿ ಕೊಟ್ಟಳು, ತವರಿನ ಸುದ್ದಿ ಎತ್ತಿದರೆ ಮಾತ್ರ ಎದ್ದು ಒಳಗೆ ಹೋದಳು. ಸಂಜೆಯವರೆಗೂ ಹೀಗೇ. ಕೊನೆಗೆ ನಾನೂ ತಾಳ್ಮೆಗೆಟ್ಟು, "ಅಪ್ಪನ ದಿನಕ್ಕೂ ಬರ್ದೆ ಇರೋವಂಥದ್ದು ಏನಾಗಿದೆ ಹೇಳೇ" ಎಂದು ಕೇಳಿಯೇಬಿಟ್ಟೆ. ಅವಳು ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ತಿರುಗಿ ನಿಂತಳು.

"ನಿಮ್ಮಣ್ಣ ಯಾರೋ ಒಬ್ಳನ್ನ ಇಟ್ಕೊಂಡಿದಾನಲ್ಲ ಫೋನ್ ಎತ್ತೋಕೆ. ಅವ್ಳನ್ನೇ ಕೇಳೋಗು."

ನಾನು ಬೆಚ್ಚಿಬಿದ್ದೆ. ಅಣ್ಣನ ವಯಸ್ಸು, ಅಣ್ಣನ ಶೀಲ, ಅಣ್ಣನ ಸೊಂಟನೋವು ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬಂದವು.

"ನಾನ್ ಫೋನ್ ಮಾಡಿದ್ರೆ ಅವ್ನು ಮಾತಾಡಲ್ಲ ಕಣೋ. ಅವ್ಳು ಎತ್ತಿ, ಮೋಟಾರು ಚಾಲನೆಯಲ್ಲಿದೆ ಅಂತಾಳೆ. ಅಂದ್ರೆ ಅವ್ನು ಮೋಟಾರ್ ಹತ್ರ ಕೆಲಸ್ದಲ್ಲಿದಾನೆ, ತೊಂದ್ರೆ ಕೊಡ್ಬೇಡ ಅಂತ ತಾನೆ? ಆಗ್ಲಿ ಅಂತ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದ್ರೆ, ಮೋಟಾರು ಸ್ಥಗಿತ ಆಗಿದೆ ಅಂತಾಳೆ. ಮೋಟಾರ್ ನಿಂತ್ಮೇಲಾದ್ರೂ ಬಂದು ಒಂದು ಮಾತಾಡ್ಬೋದಿತ್ತಲ್ಲ! ಒಂದಿನ ಅಲ್ಲ, ಎರಡಿನ ಅಲ್ಲ. ಈಗೀಗ ನಾನೂ ಒಂದೇ ಸಲ ಮಾಡಿ, ಅವ್ಳ ಧನ್ಯವಾದ ಕೇಳಿ, ಇಟ್ಬಿಡ್ತೀನಿ."

ನಿಮಗೆ ಈಗ ನಗು ಬರುತ್ತಿರಬಹುದು. ನನಗೆ ಬರಲಿಲ್ಲ. "ಎಲ್ಲಿ ಮಾಡು, ನೋಡೋಣ" ಎಂದೆ. ಅವಳು ಫೋನನ್ನು ನೋಡದೆಯೇ, ಜಪಮಣಿ ಎಣಿಸುವಂತೆ ಬೆರಳಾಡಿಸಿ ನಂಬರು ಒತ್ತಿದಳು. ನಮ್ಮ ಮನೆಗೆ ಬಂದ ಮೊಟ್ಟಮೊದಲ ಮೊಬೈಲಿನ ನಂಬರು, ಅಪ್ಪನದು. ಅಪ್ಪ ಹೋದ ಮೇಲೆ ಅಣ್ಣ ಇಟ್ಟುಕೊಂಡಿದ್ದ. "ಮೋಟಾರ್ ಚಾಲನೆಯಲ್ಲಿದೆ, ಧನ್ಯವಾದಗಳು" ಎಂದಿತು ಯಂತ್ರ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಪಂಚನಹಳ್ಳಿಯಿಂದ ಅಣ್ಣ: "ಲೇ ಪುಟ್ಟಾ, ಹತ್ಕೊಂತು ಕಣೋ! ಈಗ್ಲೇ, ಈಗ್ಲೇ! ನಾನು ಮುಂದೇನೇ ನಿಂತಿದೀನಿ, ಯಾರೂ ಮುಟ್ಟಿಲ್ಲ!"

ಹೊಸ ಸ್ಮಾರ್ಟ್‌ಫೋನು ಕೊಂಡಾಗ ಅಣ್ಣ ಹೊಸ ನಂಬರನ್ನೂ ತೆಗೆದುಕೊಂಡಿದ್ದ. ಹಳೆಯ ಸಿಮ್ಮು ಸುಮ್ಮನೆ ದಂಡವಾಗುವುದು ಯಾಕೆಂದು ಅದನ್ನು ಸ್ಟಾರ್ಟರಿಗೆ ತುರುಕಿದ್ದ. ಯಾವ ವಸ್ತುವನ್ನೂ ಬಿಸಾಡದ, ಸವೆದ ಪೊರಕೆಯನ್ನೂ ಕೊಟ್ಟಿಗೆಗೆ ಬಡ್ತಿ ಕೊಡುವ ನಮ್ಮ ಮನೆತನದ ಜಾಣತನ ಇದು. ಹೊಸ ನಂಬರನ್ನು ನೆಂಟರಿಗೆಲ್ಲ ತಿಳಿಸಿದ್ದೇನೆಂದು ಅವನ ವಾದ. "ಗ್ರೂಪಿಗೆ ಹಾಕಿದ್ನಲ್ಲೋ!" ಗ್ರೂಪು ಮಾಡಿಕೊಟ್ಟವನೂ ನಾನೇ. ನಮ್ಮ ಬಳಗದ ಸಮಸ್ತರೂ, ಮುಖವೇ ನೆನಪಿಲ್ಲದ ಹಾಸನದ ಒಬ್ಬ ಬೀಗರೂ ಸೇರಿ, ಅದರಲ್ಲಿದ್ದಾರೆ. ಅಕ್ಕನ ಬಟನ್ ಫೋನಿನಲ್ಲಿ ಗ್ರೂಪೆಂಬುದೇ ಇಲ್ಲ.

ನಾನು ಹಿಗ್ಗಿಹೋದೆ. ಸಮಸ್ಯೆ ಬಗೆಹರಿಯಿತಲ್ಲ! ಫೋನಿಟ್ಟು ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಆ ಹೆಂಗಸು ಹೆಂಗಸೇ ಅಲ್ಲ, ಅದೊಂದು ಪೆಟ್ಟಿಗೆ. ಅಣ್ಣ ನಿನ್ನನ್ನು ದೂರ ಮಾಡಲಿಲ್ಲ, ಸಿಮ್ಮು ಬದಲಾಯಿಸಿದ ಅಷ್ಟೆ. ಹೊಸ ನಂಬರನ್ನು ಈಗಲೇ ಹಾಕಿಕೊಡುತ್ತೇನೆ ಕೊಡು ಎಂದು ಕೈ ಚಾಚಿದೆ. ಅವಳು ಫೋನು ಕೊಡಲಿಲ್ಲ. ದೀಪದ ಕುಡಿ ಸರಿಮಾಡಿ ಅಂದಳು:

"ನಂಗೆ ಅವ್ನ ಹೊಸ ನಂಬರ್ ಗೊತ್ತಿರ್ಲಿಲ್ಲ, ಸರಿ. ಅವ್ನಿಗೆ ನನ್ ನಂಬರ್ ಗೊತ್ತಿತ್ತಲ್ಲೋ?"

ಯಾವ ಯಂತ್ರವನ್ನು ಬಿಚ್ಚಿ ಧೂಳು ಊದಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಅಕ್ಕ ಫೋನು ಮಾಡುವವಳು, ನಾವು ಎತ್ತುವವರು. ಇದು ನಮ್ಮ ಮನೆಯಲ್ಲಿ ಎಂದೋ ನಿಗದಿಯಾಗಿಹೋದ ಕ್ರಮ. ಅವಳು ಮಾಡಲಿಲ್ಲವೆಂದು ಅಣ್ಣ ಕೋಪಿಸಿಕೊಂಡನೇ ಹೊರತು, ತಾನೊಂದು ಸಲ ಮಾಡಿ ಕೇಳೋಣವೆಂದು ಅವನ ಬೆರಳಿಗೆ ತೋಚಲಿಲ್ಲ. ನನಗೆ ಮಾತ್ರ ತೋಚಿತ್ತೇ? ಮಂಡಿ ನೋವು ಎಂದಾಗ ಮುಲಾಮಿನ ಹೆಸರು ಹೇಳಿ ಇಟ್ಟವನು ನಾನು.

ಕಡೂರಿಗೆ ಬಂದು ಅಣ್ಣನಿಗೆ ಫೋನಿನಲ್ಲಿ ಆ ಮಾತನ್ನು ಹಾಗೆಯೇ ಒಪ್ಪಿಸಿದೆ. ನೆಟ್‌ವರ್ಕು ಹೋಯಿತೇನೋ ಎಂದು ನಾನು "ಹಲೋ ಹಲೋ" ಎನ್ನುತ್ತಿದ್ದೆ. "ಇದೀನಿ ಕಣೋ" ಎಂದ. ಮಾರನೆಯ ಬೆಳಗ್ಗೆ ನಾನು ಹಲ್ಲುಜ್ಜುತ್ತಿರುವಾಗಲೇ ಒಂದು ಚೀಲ ತೆಂಗಿನಕಾಯಿ ಹೊತ್ತು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. "ನಡಿ ಅಜ್ಜಂಪುರಕ್ಕೆ" ಎಂದ. ಆ ಹೊಸ್ತಿಲು ತುಳಿಯಲ್ಲ ಎಂದಿದ್ದೆಯಲ್ಲ ಎಂದು ಚುಚ್ಚುವ ಆಸೆಯನ್ನು ನಾನು ಪ್ರಯಾಸಪಟ್ಟು ನುಂಗಿಕೊಂಡೆ.

ಅಕ್ಕನ ಪಡಸಾಲೆಯಲ್ಲಿ ಅಣ್ಣ ಮರದ ಕುರ್ಚಿಯ ತುದಿಯಲ್ಲಿ, ಹೆಣ್ಣು ನೋಡಲು ಬಂದವನ ಹಾಗೆ ಕುಳಿತಿದ್ದ. ಕಾಯಿ ಚೀಲವನ್ನು ಕಾಲಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿದ. ಅಕ್ಕ ಅದರ ಕಡೆ ನೋಡಲಿಲ್ಲ. ನಾನು ಹವಾಮಾನದ ಬಗ್ಗೆ ಮಾತಾಡಿದೆ, ಯಾರೂ ಸೇರಿಕೊಳ್ಳಲಿಲ್ಲ. ತಪ್ಪಾಯಿತು ಎಂಬ ಮಾತಿಗೆ ನಮ್ಮ ಮನೆಯ ಗಂಡಸರ ನಾಲಿಗೆ ಹೊರಳುವುದಿಲ್ಲ. ಅಣ್ಣ ಎರಡು ಸಲ ಕೆಮ್ಮಿದ, ಅಷ್ಟೆ. ಇದ್ದಕ್ಕಿದ್ದಂತೆ ಅಕ್ಕ ತನ್ನ ಫೋನು ತೆಗೆದು, ನಂಬರು ಒತ್ತಿ, ಅವನ ಕಿವಿಗೆ ಹಿಡಿದಳು.

"ತಗೋ. ನೀನೇ ಕೇಳು. ದಿನಾ ನಂಗೆ ಏನಂದ್ಲು ಅಂತ ಕೇಳು."

ಅಣ್ಣ ಕೇಳಿದ. ತನ್ನದೇ ಹಳೆಯ ನಂಬರಿನಿಂದ, ಅಪ್ಪನ ನಂಬರಿನಿಂದ, ಆ ವಿನಯಶಾಲಿ ಧ್ವನಿ ಅವನ ಕಿವಿಗೆ ಧನ್ಯವಾದ ಅರ್ಪಿಸಿತು. ಅವನ ಮುಖ ಇಳಿದುಹೋಯಿತು. ಮೊದಲು ಮಾತಾಡಿದವಳು ಅಕ್ಕನೇ, ಅದೂ ಗದರಿಕೊಂಡು:

"ಲೋ ರುದ್ರ, ಕಲ್ಲಿನಂಗೆ ಕೂತಿದೀಯಲ್ಲ, ಅಲ್ಲಿ ಮೋಟಾರು ಓಡ್ತಿದೆ! ತೋಟದಲ್ಲಿ ಯಾರವ್ರೆ? ನೀರು ನಿಂತು ಸಸಿ ಬೇರು ಕೊಳ್ತು ಹೋಗಲ್ವೇನೋ? ಆಫ್ ಮಾಡು ಮೊದ್ಲು!"

"ಇನ್ನೊಂದ್ಸಲ ಫೋನ್ ಮಾಡಿದ್ರೆ ನಿಲ್ತದೆ ಅಕ್ಕ. ನೀನೇ ಮಾಡು."

ಅವಳು ಅಪನಂಬಿಕೆಯಿಂದ ಮತ್ತೆ ಒತ್ತಿದಳು. ಮೋಟಾರ್ ಸ್ಥಗಿತಗೊಂಡಿದೆ ಎಂದಿತು. ಅಣ್ಣ ಅತ್ತಿಗೆಗೆ ಫೋನು ಮಾಡಿ ಕೇಳಿದ. ಹೌದು, ಈಗ ಹತ್ತಿತ್ತು, ಈಗ ನಿಂತಿತು ಎಂದು ಅತ್ತಿಗೆ ತೋಟದಿಂದ ಕೂಗಿ ಹೇಳಿದ್ದು ನಮಗೆಲ್ಲ ಕೇಳಿಸಿತು. ಅಕ್ಕ ಕೈಯಲ್ಲಿದ್ದ ಆ ಪುಟ್ಟ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮುಖದಲ್ಲಿ ಮೊದಲ ಬಾರಿಗೆ ನಗು ಬಂತು. ಅದು ನಮಗೆ ನೆಮ್ಮದಿ ಕೊಡುವ ನಗುವಾಗಿರಲಿಲ್ಲ.

"ಇಲ್ಲಿಂದ ನಾನಂದ್ರೆ ಅಲ್ಲಿ ಕೇಳ್ತದೆ ಅನ್ನು. ಮದುವೆಯಾಗಿ ಬಂದ್ಮೇಲೆ ಆ ತೋಟದಲ್ಲಿ ನನ್ ಮಾತು ಕೇಳಿದ್ದು ಇದೊಂದೇ ಕಣ್ರೋ."

ಅವಳು ಹೇಳಿದ್ದು ಸುಳ್ಳಲ್ಲ. ಮೊದಲ ಸಾಲಿನ ಎರಡು ಮರ ಕಡಿಸಿ ದಾರಿ ಮಾಡಿದಾಗ ಅವಳನ್ನು ಯಾರೂ ಕೇಳಿರಲಿಲ್ಲ. ಬೋರು ಎಲ್ಲಿ ಕೊರೆಸಬೇಕೆಂದು ಅವಳು ಹೇಳಿದ್ದಳು. ನಾವು ಬೇರೆ ಕಡೆ ಕೊರೆಸಿದ್ದೆವು. ಹೆಣ್ಣುಮಕ್ಕಳು ಹೇಳುತ್ತಾರೆ, ಕೇಳಿಸಿಕೊಂಡಂತೆ ಮಾಡಬೇಕು ಎಂಬುದು ನಮ್ಮ ಮನೆಯ ಸೌಜನ್ಯದ ಪರಮಾವಧಿಯಾಗಿತ್ತು. ಆ ಮೂರು ಕಾಸಿನ ಪೆಟ್ಟಿಗೆಗೆ ಈ ಸೌಜನ್ಯ ಗೊತ್ತಿರಲಿಲ್ಲ, ಹಾಗಾಗಿ ಅವಳು ಹೇಳಿದೊಡನೆ ಓಡಿತು. ನನಗೆ ಅದರ ಮೇಲಿದ್ದ ಕೋಪ ಯಾರ ಮೇಲೆ ತಿರುಗಬೇಕೆಂದು ತಿಳಿಯದೆ ಪಡಸಾಲೆಯ ನಡುವೆ ನಿಂತುಬಿಟ್ಟಿತು. ಅಣ್ಣ ಎದ್ದು ನಿಂತ. "ಹಂಗಾದ್ರೆ ನೀನೇ ಬಿಡು ನೀರು, ಇನ್ಮೇಲೆ" ಎಂದ. ಅವನು ಬೇಸರದಲ್ಲಿ ಆಡಿದನೋ, ಸೋತು ಆಡಿದನೋ, ನಿಜವಾಗಿ ಆಡಿದನೋ ನನಗೆ ಇಂದಿಗೂ ಗೊತ್ತಿಲ್ಲ. ಅಕ್ಕ ಅದನ್ನು ನಿಜವೆಂದೇ ಹಿಡಿದಳು.

ಅಂದಿನಿಂದ ನನ್ನ ಪಾಡು ಹೇಳತೀರದು. ಪಂಚನಹಳ್ಳಿಗೆ ತ್ರೀ ಫೇಸ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಅಜ್ಜಂಪುರದಿಂದ ವಿಚಾರಣೆ. ಕರೆಂಟಿಲ್ಲದಾಗ ಆ ಹೆಂಗಸು ಯಾಕೆ ಸುಮ್ಮನಿದ್ದಾಳೆಂದು ನನಗೆ ಛೀಮಾರಿ. ತರಗತಿಯಲ್ಲಿ ನಾನು ಪದ್ಯವೊಂದರ ಅನ್ವಯಕ್ಕೆ ಕೈ ಹಾಕಿರುವಾಗ ಜೇಬಿನಲ್ಲಿ ಅಕ್ಕನ ಕರೆ. ಅಣ್ಣನಿಗೂ ಫೋನು ಹೋಗುತ್ತದೆ, ಅವನ ಹೊಸ ನಂಬರಿಗೇ: ಪಾತಿ ತುಂಬಿತಾ, ನೀರು ಹೋಗುವ ಮಡೆ ತಿರುಗಿಸಿದೆಯಾ. ಅವನೂ ಈಗ ಅವಳಿಗೆ ಮಾಡುತ್ತಾನೆ, ಸಾಮಾನ್ಯವಾಗಿ ಜಗಳವಾಡಲು. "ಸಾಕಪ್ಪಾ ಇವ್ಳ ಕಾಟ" ಎಂದು ನನ್ನ ಬಳಿ ಗೊಣಗುತ್ತಾನೆ. ಸ್ಟಾರ್ಟರಿನಲ್ಲಿ ಅವಳ ನಂಬರಿಗೆ ಮಾತ್ರ ತಡೆ ಹಾಕಿಬಿಡಬಹುದೆಂದು ನಾನೊಮ್ಮೆ ನನ್ನ ತಾಂತ್ರಿಕ ಪರಿಣತಿಯನ್ನು ಮುಂದೊಡ್ಡಿದೆ. ಅವನು ನನ್ನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

ಬೇಸಿಗೆ ಕಾಲಿಡುತ್ತಿದ್ದಂತೆ ಅಕ್ಕ ಬರುತ್ತೇನೆಂದು ಹೇಳಿಕಳಿಸಿದಳು. ಹಬ್ಬವಿರಲಿಲ್ಲ, ಯಾರೂ ಕರೆದಿರಲಿಲ್ಲ; ಬಿಟ್ಟ ನೀರು ಎಲ್ಲಿಗೆ ಹೋಗುತ್ತಿದೆ ನೋಡಬೇಕಲ್ಲ ಎಂಬುದೇ ಕಾರಣ. ಪಂಚನಹಳ್ಳಿಯಲ್ಲಿ ಬಸ್ಸಿಳಿದವಳು ಮನೆಯ ಕಡೆ ತಿರುಗಲೇ ಇಲ್ಲ. ಬ್ಯಾಗು ಕಡೂರಿನಿಂದ ಜೊತೆಗೆ ಬಂದಿದ್ದ ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಮಂಡಿ ನೋವನ್ನು ಲೆಕ್ಕಿಸದೆ ನೇರ ತೋಟಕ್ಕೆ ನಡೆದಳು. ಅಣ್ಣ ಅಲ್ಲಿ ಗುದ್ದಲಿ ಹಿಡಿದು ನಿಂತಿದ್ದ. ಬಾ ಎನ್ನಲೂ ಅವನಿಗೆ ಬಿಡುವು ಕೊಡದೆ, ಅವಳು ಪೈಪಿನ ಉದ್ದಕ್ಕೂ ನಡೆದು, ಬಗ್ಗಿ ಮಣ್ಣು ಮುಟ್ಟಿ ನೋಡಿ, ಕೂಗಿದಳು:

"ಯಾರೋ ಈ ಮಡೆ ಮಾಡಿರೋದು? ಮೂಲೆ ಗಿಡದ ಬುಡ ಒಣಗೋಗಿದೆ, ಎಲ್ಲಾ ನೀರು ಈ ಕಡೆಗೇ ಬಿದ್ದಿದೆ!"

ಆ ಮಡೆ ಮಾಡಿದವನು ಅಣ್ಣನೇ, ಅವನಿಗೆ ಬೇಕಾದ ಹಾಗೆ, ಎಷ್ಟೋ ವರ್ಷಗಳ ಹಿಂದೆ. ಅವನು ಏನೋ ಹೇಳಲು ಹೊರಟು, ನನ್ನನ್ನು ನೋಡಿ, ಅವಳನ್ನು ನೋಡಿ, ಪಂಚೆ ಮೇಲೆ ಕಟ್ಟಿದ. "ಎಲ್ಲಿಗೆ ತಿರುಗಿಸ್ಲಿ, ಹೇಳು" ಎಂದ. ಅವಳು ತೋರಿಸಿದ ಕಡೆಗೆ ಅವನು ಮಣ್ಣು ಕಡಿದ, ನೀರು ಹಾಗೇ ಹೋಯಿತು.